ಮಣ್ಣಿನ ಲೆಕ್ಕ ಕೇಳಿದ ಜ್ಯೋತಿಬಾ

ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರು ಕೇಳದ ವಿದ್ಯಾರ್ಥಿ ಪುಣೆಯಲ್ಲಿ ಒಬ್ಬನೂ ಇರಲಿಕ್ಕಿಲ್ಲ. ಕಾಯಿಪಲ್ಲೆ ತರಲು ಹೋದರೆ ಅವರ ಹೆಸರಿನ ಮಂಡಯಿ. ಗಂಜ್ ಪೇಠೆಗೆ ಹೋದರೆ ಅವರು ಬಾಳಿದ ವಾಡೆ. ನಾವು ಪದವಿ ಪಡೆಯುವ ವಿಶ್ವವಿದ್ಯಾಲಯಕ್ಕೆ ಅವರ ಪತ್ನಿ ಸಾವಿತ್ರಿಬಾಯಿಯವರ ಹೆಸರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು, ಸತ್ಯಶೋಧಕ ಸಮಾಜ ಕಟ್ಟಿದವರು ಎಂದು ಪರೀಕ್ಷೆಯಲ್ಲಿ ಎರಡು ಸಾಲು ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಅವರು ಒಬ್ಬ ಒಕ್ಕಲಿಗ, ಹೊಲ ಗೇದವರು, ಒಕ್ಕಲುತನದ ಮೇಲೆ ಒಂದು ಇಡೀ ಪುಸ್ತಕ ಬರೆದವರು ಎಂಬುದು ನನಗೆ ಪುಣೆಗೆ ಬರುವತನಕ ಗೊತ್ತಿರಲಿಲ್ಲ. ನಿಮ್ಮಲ್ಲೂ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಸಾಹಿತ್ಯದ ಹುಡುಗರ ಹಾಗೆ ಚೆಂದ ಬರೆಯಲು ನನಗೆ ಬರುವುದಿಲ್ಲ. ಜಮಾ-ಖರ್ಚು ನೋಡುವುದು ಅಷ್ಟಿಷ್ಟು ಬರುತ್ತದೆ. ಹೀಗಾಗಿ ಫುಲೆಯವರ ಜೀವನವನ್ನೂ ಆ ಕಣ್ಣಿನಿಂದಲೇ ನೋಡಿದ್ದೇನೆ. ಇಂದು ಸಾವಯವ ಕೃಷಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆ ಮಾತಿನ ಹಿಂದೆ ಇರಬೇಕಾದ ಲೆಕ್ಕ ಯಾವುದು ಅಂತ ತಿಳಿಯಬೇಕಾದರೆ ಈ ಮನುಷ್ಯನ ಹತ್ತಿರ ಹೋಗಬೇಕು ಎಂದು ನನಗೆ ಅನ್ನಿಸಿದೆ.

ಜ್ಯೋತಿಬಾ ಹುಟ್ಟಿದ್ದು ೧೮೨೭ರ ಏಪ್ರಿಲ್ ೧೧ರಂದು. ಮನೆತನದ ಮೂಲ ಹೆಸರು ಗೋರ್ಹೆ. ಮೂಲ ಊರು ಸಾತಾರಾ ಜಿಲ್ಲೆಯ ಕಟಗುಣ. ಜಾತಿಯಿಂದ ಮಾಳಿಗಳು, ಅಂದರೆ ಹೂವು-ತೋಟದ ಕೆಲಸದವರು. ಪೇಶವೆಯವರ ಮನೆಗೆ ಹೂವು ಕೊಡುತ್ತಿದ್ದುದರಿಂದ ಫುಲೆ ಎಂಬ ಹೆಸರೇ ನಿಂತಿತು. ತಾಯಿ ಚಿಮಣಾಬಾಯಿ ಮಗ ಕೂಸಿದ್ದಾಗಲೇ ತೀರಿಕೊಂಡರು. ಸಗುಣಾಬಾಯಿ ಎಂಬ ಹತ್ತಿರದ ಹೆಣ್ಣುಮಗಳು ಆ ಕೂಸನ್ನು ಬೆಳೆಸಿದರು. ತಂದೆ ಗೋವಿಂದರಾಯರು ಮಗನನ್ನು ಶಾಲೆಗೆ ಹಾಕಿದರು. ಆದರೆ ಶೂದ್ರರ ಹುಡುಗನಿಗೆ ಓದು ಯಾಕೆ ಎಂದು ಕಿವಿ ಚುಚ್ಚುವವರಿಗೆ ಕಡಿಮೆ ಇರಲಿಲ್ಲ. ಹುಡುಗನನ್ನು ಬಿಡಿಸಿ ಹೊಲಕ್ಕೆ ಹಚ್ಚಿದರು.

ಹೀಗೆ ಜ್ಯೋತಿಬಾ ಪಾಟಿ ಇಳಿಸಿ ಗುದ್ದಲಿ ಹಿಡಿದರು. ಬೀಜ, ನೀರು, ಗೊಬ್ಬರ ಎಲ್ಲ ಕೈಯಿಂದಲೇ ಕಲಿತರು. ಆಮೇಲೆ ನೆರೆಯವರಾದ ಗಫಾರ್ ಬೇಗ್ ಮುನ್ಶಿ ಎಂಬ ಮುಸಲ್ಮಾನ ಗುರುಗಳು ಮತ್ತು ಲಿಜಿಟ್ ಎಂಬ ಕ್ರೈಸ್ತ ಸಾಹೇಬರು ತಂದೆಗೆ ತಿಳಿಹೇಳಿ ಹುಡುಗನನ್ನು ಮತ್ತೆ ಓದಿಗೆ ಹಚ್ಚಿದರು. ೧೮೪೭ರಲ್ಲಿ ಸ್ಕಾಟಿಷ್ ಮಿಶನ್ ಶಾಲೆಯಲ್ಲಿ ಇಂಗ್ಲಿಷ್ ಓದು ಮುಗಿಯಿತು. ಓದಿದವನಿಗೆ ಹೊಲ ಗೊತ್ತಿಲ್ಲ, ಹೊಲದವನಿಗೆ ಓದು ಗೊತ್ತಿಲ್ಲ ಎಂಬ ಕಾಲದಲ್ಲಿ ಎರಡೂ ಗೊತ್ತಿದ್ದ ಮನುಷ್ಯ ಇವರು. ಮುಂದಿನ ಎಲ್ಲದಕ್ಕೂ ಇದೇ ಬುನಾದಿ.

೧೮೪೮ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಸುರುವಾಯಿತು. ಮನೆಯಲ್ಲೇ ಓದು ಕಲಿಸಿದ್ದ ಹೆಂಡತಿ ಸಾವಿತ್ರಿಬಾಯಿಯವರನ್ನೇ ಗುರುವನ್ನಾಗಿ ಮಾಡಿದರು. ಆ ತಾಯಿ ಶಾಲೆಗೆ ಹೋಗುವಾಗ ಜನ ಕೆಸರು, ಸಗಣಿ ಎಸೆಯುತ್ತಿದ್ದರೆಂದು ಪುಣೆಯಲ್ಲಿ ಇಂದಿಗೂ ಹೇಳುತ್ತಾರೆ. ೧೮೪೯ರಲ್ಲಿ ಗಂಡ-ಹೆಂಡತಿ ಇಬ್ಬರೂ ತಂದೆಯ ಮನೆ ಬಿಡಬೇಕಾಯಿತು. ೧೮೫೫ರಲ್ಲಿ ರೈತರು ಮತ್ತು ಕೂಲಿಕಾರರಿಗಾಗಿ ರಾತ್ರಿ ಶಾಲೆ ತೆರೆದರು. ೧೮೬೮ರಲ್ಲಿ ತಮ್ಮ ಮನೆಯ ನೀರನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟರು. ೧೮೭೩ರಲ್ಲಿ ಗುಲಾಮಗಿರಿ ಪುಸ್ತಕ ಬಂತು, ಅದೇ ವರ್ಷ ಸೆಪ್ಟೆಂಬರ್ ೨೪ಕ್ಕೆ ಸತ್ಯಶೋಧಕ ಸಮಾಜ ಹುಟ್ಟಿತು.

ಇಷ್ಟು ನಮಗೆ ಪಾಠದಲ್ಲಿ ಬರುತ್ತದೆ. ಪಾಠದಲ್ಲಿ ಬಾರದ್ದು ಏನೆಂದರೆ ಈ ಎಲ್ಲ ಕೆಲಸಕ್ಕೆ ಅವರು ಸ್ವಂತ ದುಡಿಮೆಯ ಮೇಲೆ ನಿಂತಿದ್ದರು. ಅವರು ಗುತ್ತಿಗೆದಾರರು. ೧೮೭೦ರ ದಶಕದಲ್ಲಿ ಪುಣೆಯ ಹತ್ತಿರ ಮುಠಾ ನದಿಗೆ ಖಡಕವಾಸಲಾ ಆಣೆಕಟ್ಟು ಏಳುತ್ತಿದ್ದಾಗ ಅದಕ್ಕೆ ಸಾಮಾನು ಪೂರೈಸಿದರು. ಮಾಂಜರಿಯಲ್ಲಿ ಸುಮಾರು ೬೦ ಎಕರೆ ಜಮೀನಿತ್ತು, ಅಲ್ಲಿ ಒಕ್ಕಲುತನ ನಡೆಸಿದರು. ಸರ್ಕಾರದ ಇಂಜಿನಿಯರು, ಕಾಲುವೆಯ ಕಾರಕೂನ, ಕಲ್ಲು ಒಡೆಯುವ ಕೂಲಿ, ಬಡ್ಡಿಗೆ ಕೊಡುವ ಸಾವುಕಾರ, ಇವರೆಲ್ಲರನ್ನೂ ಅವರು ಕಂಡಿದ್ದು ಪುಸ್ತಕದಲ್ಲಲ್ಲ, ವ್ಯವಹಾರದಲ್ಲಿ.

ಆ ಹತ್ತು ವರ್ಷಗಳು ದಖ್ಖಣದ ರೈತನಿಗೆ ಬಹಳ ಕೆಟ್ಟವು. ೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾವುಕಾರರ ಮೇಲೆ ಎದ್ದರು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ಅದರ ಬೆನ್ನಿಗೇ ೧೮೭೬-೭೭ರ ಬರ. ನಮ್ಮ ಕಡೆ ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರು. ಆಗ ಬೆಳಗಾವಿ, ಧಾರವಾಡ, ಕಲಾದಗಿ ಎಲ್ಲವೂ ಪುಣೆಯ ಹಾಗೆ ಮುಂಬಯಿ ಇಲಾಖೆಯವೇ. ಇಂದಿನ ವಿಜಯಪುರ, ಬಾಗಲಕೋಟೆ ಸೇರಿದ್ದ ಕಲಾದಗಿ ಜಿಲ್ಲೆಯಂತೂ ಆ ಬರದಲ್ಲಿ ಬರಿದಾಗಿ ಹೋಯಿತು. ಫುಲೆಯವರು ಪುಣೆಯ ಹತ್ತಿರ ಧನಕವಡಿಯಲ್ಲಿ ಬರಗಾಲದ ಮಕ್ಕಳಿಗೆ ಅನ್ನದ ವ್ಯವಸ್ಥೆ ಮಾಡಿದರು. ಸತ್ಯಶೋಧಕ ಸಮಾಜದವರು ಮನೆಮನೆಗೆ ಹೋಗಿ ಸಹಾಯ ಬೇಡಿದರು.

ಅದೇ ಸುಮಾರಿಗೆ, ೧೮೭೬ರಿಂದ, ಅವರು ಪುಣೆ ನಗರಪಾಲಿಕೆಯ ಸದಸ್ಯರೂ ಆಗಿದ್ದರು. ೧೮೮೦ರಲ್ಲಿ ವೈಸರಾಯ್ ಲಿಟನ್ ಪುಣೆಗೆ ಬರುವವರಿದ್ದರು. ಸ್ವಾಗತಕ್ಕೆ ಸಾವಿರ ರೂಪಾಯಿ ಖರ್ಚು ಮಾಡೋಣ ಅಂತ ಠರಾವು ಬಂತು. ಅದನ್ನು ವಿರೋಧಿಸಿದವರು ಇವರೊಬ್ಬರೇ. ಆ ಹಣ ಬಡವರ ಮಕ್ಕಳ ಓದಿಗೆ ಹೋಗಲಿ ಎಂಬುದು ಅವರ ವಾದವಾಗಿತ್ತು. ಬರ ಮುಗಿದು ಇನ್ನೂ ಎರಡು-ಮೂರು ವರ್ಷ ಕಳೆದಿರಲಿಲ್ಲ ಎಂಬುದನ್ನು ನಾವು ಇಲ್ಲಿ ನೆನಪಿಡಬೇಕು.

ಇಂಥ ಅನುಭವವನ್ನೆಲ್ಲ ಕೂಡಿಸಿ ೧೮೮೩ರಲ್ಲಿ ಅವರು ಬರೆದು ಮುಗಿಸಿದ ಪುಸ್ತಕವೇ ಶೇತಕರ್ಯಾಚಾ ಆಸೂಡ್. ಅಂದರೆ ರೈತನ ಬಾರುಕೋಲು. ಬರೆದಷ್ಟನ್ನು ಊರೂರಿಗೆ ಹೋಗಿ ಓದಿ ಹೇಳಿದರು. ಬರೋಡೆಯ ಸಯಾಜಿರಾವ್ ಗಾಯಕವಾಡ ಮಹಾರಾಜರೂ ಅದನ್ನು ಕೇಳಿದರು. ದೀನಬಂಧು ಪತ್ರಿಕೆಯಲ್ಲಿ ಮೊದಲ ಎರಡು ಅಧ್ಯಾಯ ಮಾತ್ರ ಬಂದವು. ಅದರ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ ಫುಲೆಯವರ ಒಡನಾಡಿಯೇ. ಅವರಿಗೂ ಮುಂದಿನದನ್ನು ಅಚ್ಚುಹಾಕಲು ಧೈರ್ಯ ಆಗಲಿಲ್ಲ. ಬರೆದವರು ಬದುಕಿರುವಾಗ ಪುಸ್ತಕ ಪೂರ್ತಿ ಅಚ್ಚಾಗಲೇ ಇಲ್ಲ.

ಈ ಪುಸ್ತಕದಲ್ಲಿ ಅಷ್ಟು ಭಯಪಡುವಂಥದ್ದು ಏನಿತ್ತು? ನಾನು ತಿಳಿದುಕೊಂಡ ಮಟ್ಟಿಗೆ, ಅದರಲ್ಲಿ ಮಣ್ಣಿನ ಲೆಕ್ಕ ಇತ್ತು. ಹೊಲದಿಂದ ಏನೇನು ಹೊರಗೆ ಹೋಗುತ್ತದೆ, ಯಾರ ಮನೆಗೆ ಹೋಗುತ್ತದೆ, ಹೊಲಕ್ಕೆ ತಿರುಗಿ ಏನು ಬರುತ್ತದೆ ಅಂತ ಅವರು ಒಂದೊಂದಾಗಿ ಕೇಳಿದರು.

ಮೊದಲು ಗುಡ್ಡದ ಲೆಕ್ಕ. ಹಿಂದೆ ಮಳೆಗಾಲದಲ್ಲಿ ಗುಡ್ಡದ ಮೇಲಿನ ತರಗೆಲೆ, ಹುಲ್ಲು, ಹೂವು, ಸತ್ತ ಹುಳ-ಹುಪ್ಪಡಿಯ ಸಾರವೆಲ್ಲ ನೀರಿನೊಂದಿಗೆ ಇಳಿದು ರೈತನ ಹೊಲಕ್ಕೆ ಬರುತ್ತಿತ್ತು. ಇದು ಯಾರೂ ದುಡ್ಡು ಕೊಡದೆ ಸಿಗುತ್ತಿದ್ದ ಗೊಬ್ಬರ. ಸರ್ಕಾರದ ವ್ಯವಸ್ಥೆ ಬಂದ ಮೇಲೆ ಈ ಸಾರ ಹಳ್ಳ-ಹೊಳೆ ಸೇರಿ ಸಮುದ್ರಕ್ಕೆ ಹೋಗತೊಡಗಿತು ಎಂದು ಅವರು ಬರೆದರು. ಮೇಲಾಗಿ ಅರಣ್ಯ ಇಲಾಖೆ ಗುಡ್ಡ-ಗಾಯರಾಣಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ೧೮೭೮ರ ಅರಣ್ಯ ಕಾಯಿದೆಯಿಂದ ಅದಕ್ಕೆ ಇನ್ನಷ್ಟು ಬಲ ಬಂತು. ಎರಡೆಕರೆ ಹೊಲದ ಬಡವ ಮುಂಚೆ ಒಂದು ಆಕಳು, ನಾಲ್ಕು ಆಡು ಮೇಯಿಸಿಕೊಂಡು, ಅಡವಿಯ ಕಾಯಿ-ಸೊಪ್ಪು-ಕಟ್ಟಿಗೆ ಮಾರಿಕೊಂಡು ದಿನ ದೂಡುತ್ತಿದ್ದ. ಅದು ನಿಂತಿತು. ದನಗಳಿಗೆ ಮೇವಿಲ್ಲ, ದನ ಕಡಿಮೆಯಾದವು. ಅದರ ಮೇಲೆ ಗೋರಾ ಸೈನಿಕರ ಊಟಕ್ಕೆ ಕಡಿಯುವ ದನಗಳು ಬೇರೆ. ಎತ್ತಿಲ್ಲದೆ ನೇಗಿಲಿಲ್ಲ. ಸಗಣಿಯಿಲ್ಲದೆ ಗೊಬ್ಬರ ಎಲ್ಲಿಂದ ಬರಬೇಕು ಅಂತ ನಾವೇ ವಿಚಾರ ಮಾಡಬಹುದು.

ಎರಡನೆಯದು ವಿಶ್ರಾಂತಿಯ ಲೆಕ್ಕ. ಹಿಂದೆ ರೈತ ಹೊಲವನ್ನು ಸರತಿಯಂತೆ ಬೀಳು ಬಿಡುತ್ತಿದ್ದ, ಮಣ್ಣು ದಣಿವಾರಿಸಿಕೊಳ್ಳುತ್ತಿತ್ತು. ಹಿಸ್ಸೆಯಾಗಿ ಹೊಲ ಸಣ್ಣದಾದ ಮೇಲೆ, ತೀರ್ವೆ ತಪ್ಪದೆ ಕಟ್ಟಬೇಕಾದ ಮೇಲೆ, ಬೀಳು ಬಿಡುವುದು ಯಾರಿಗೆ ಸಾಧ್ಯ? ಮಣ್ಣಿಗೂ ಬಿಡುವಿಲ್ಲ, ಮನುಷ್ಯನಿಗೂ ಬಿಡುವಿಲ್ಲ. ಇಳುವರಿ ಇಳಿಯಿತು, ಸಾಲ ಏರಿತು.

ಮೂರನೆಯದು ಓದಿನ ಲೆಕ್ಕ. ರೈತ ಕಟ್ಟುವ ತೀರ್ವೆಯ ಮೇಲೆ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಎಂದು ಕೂಡಿಸುತ್ತಿದ್ದರು. ಅದರಲ್ಲಿ ಒಂದು ಪಾಲು ಶಿಕ್ಷಣಕ್ಕೆ ಅಂತ. ಆದರೆ ಶಾಲೆಯ ಬೆಂಚಿನ ಮೇಲೆ ರೈತನ ಮಗ ಇಲ್ಲ. ಹಣ ಅವನದು, ಓದು ಬೇರೆಯವರದು. ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆಯೂ ಅವರು ಇದನ್ನೇ ಮಂಡಿಸಿದ್ದರು. ಓದು ಬಾರದ ರೈತ ಸಾವುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ, ಕೋರ್ಟಿನಲ್ಲಿ ಸೋಲುತ್ತಾನೆ, ಹೊಲ ಕಳೆದುಕೊಳ್ಳುತ್ತಾನೆ. ಹುಟ್ಟಿನಿಂದ ಸಾವಿನವರೆಗೆ ಮುಹೂರ್ತ-ಶಾಂತಿ-ದಾನ ಎಂದು ಅವನಿಂದ ಕೀಳುವ ದಕ್ಷಿಣೆಯನ್ನೂ ಫುಲೆ ಖರ್ಚಿನ ಬದಿಗೆ ಬರೆದರು. ಸಂಪ್ರದಾಯಸ್ಥ ಪುಣೆಗೆ ಸಿಟ್ಟು ಬಂದದ್ದು ಇಲ್ಲಿ. ಸರ್ಕಾರಕ್ಕೆ ಇರಿಸುಮುರಿಸಾದದ್ದು ಉಳಿದ ಕಡೆಯಲ್ಲಿ.

ಬರೀ ತಪ್ಪು ಹುಡುಕಿ ಅವರು ಸುಮ್ಮನಾಗಲಿಲ್ಲ. ಪುಸ್ತಕದ ಕೊನೆಯಲ್ಲಿ ಉಪಾಯಗಳ ದೊಡ್ಡ ಯಾದಿಯೇ ಇದೆ. ಕೆಲಸವಿಲ್ಲದೆ ಕೂತ ಸೈನಿಕರಿಂದ, ಪೊಲೀಸರಿಂದ ಗುಡ್ಡದ ಇಳಿಜಾರಿಗೆ ಒಡ್ಡು ಹಾಕಿಸಬೇಕು, ಮಳೆ ನೀರು ಮೊದಲು ಹೊಲದಲ್ಲಿ ಇಂಗಿ ಆಮೇಲೆ ಹಳ್ಳಕ್ಕೆ ಹೋಗಬೇಕು. ಹಳ್ಳ-ಕೆರೆಗಳಲ್ಲಿ ಕೂತ ಹೂಳನ್ನು ರೈತರು ಎತ್ತಿ ತಮ್ಮ ಹೊಲಕ್ಕೆ ಹಾಕಿಕೊಳ್ಳಲು ಬಿಡಬೇಕು. ಗಾಯರಾಣ ಊರಿಗೆ ತಿರುಗಿ ಬರಬೇಕು. ನೆಲದೊಳಗಿನ ನೀರಿನ ಸೆಲೆ ತೋರಿಸುವವರನ್ನು ಹುಡುಕಿ ನಕಾಶೆ ಮಾಡಿಸಬೇಕು. ಕಾಲುವೆ ನೀರಿಗೆ ಪಟ್ಟಿ ತೆಗೆದುಕೊಂಡ ಮೇಲೆ ರೈತನಿಗೆ ನೀರು ಸಾಕಷ್ಟು ಮುಟ್ಟಬೇಕು. ಒಕ್ಕಲುತನದ ಪ್ರದರ್ಶನ ನಡೆಸಿ ಒಳ್ಳೆಯ ರೈತನಿಗೆ ಬಹುಮಾನ ಕೊಡಬೇಕು, ರೈತರ ಮಕ್ಕಳನ್ನು ಪರದೇಶದ ಕೃಷಿ ಶಾಲೆಗಳಿಗೂ ಕಳಿಸಬೇಕು.

ಗೆಳೆಯರೇ, ಒಡ್ಡು ಹಾಕು, ಹೂಳು ಎತ್ತು, ನೀರು ಇಂಗಿಸು ಎಂದು ಇಂದು ಜಲಾನಯನ ಇಲಾಖೆಯವರು ಗೋಡೆಯ ಮೇಲೆ ಬರೆಸುತ್ತಾರೆ. ಇದನ್ನು ಪುಣೆಯ ಒಬ್ಬ ಮಾಳಿ ೧೮೮೩ರಲ್ಲಿಯೇ ಬರೆದಿಟ್ಟಿದ್ದರು.

ಆದರೆ ಅವರಿಗೆ ಇಲ್ಲದ ಪಟ್ಟ ಕಟ್ಟುವುದು ಬೇಡ. ಫುಲೆಯವರು ಇಂದಿನ ಅರ್ಥದ ಸಾವಯವ ಕೃಷಿಕರಲ್ಲ. ಅವರ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ರಾಸಾಯನಿಕ ಗೊಬ್ಬರವೇ ಇರಲಿಲ್ಲ, ಅದನ್ನು ಬಿಡುವ ಪ್ರಶ್ನೆಯೂ ಇರಲಿಲ್ಲ. ಹಳೆಯದೆಲ್ಲ ಬಂಗಾರ ಎಂದೂ ಅವರು ಹೇಳಲಿಲ್ಲ. ಹೊಸ ತಳಿ, ಹೊಸ ವಿದ್ಯೆ, ಕಾಲುವೆ ಎಲ್ಲವೂ ಅವರಿಗೆ ಬೇಕಾಗಿದ್ದವು. ಸಾವಯವ ಕೃಷಿಯ ಆಚಾರ್ಯರಲ್ಲೊಬ್ಬರಾದ ಆಲ್ಬರ್ಟ್ ಹೊವಾರ್ಡ್ ಭಾರತಕ್ಕೆ ಬಂದದ್ದು ೧೯೦೫ರಲ್ಲಿ. ಇಂದೋರಿನಲ್ಲಿ ಕಾಂಪೋಸ್ಟ್ ಪದ್ಧತಿ ರೂಪಿಸಿ ಜಗತ್ತಿಗೆ ಹೇಳಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಹೊಲದಿಂದ ತೆಗೆದದ್ದನ್ನು ಹೊಲಕ್ಕೆ ತಿರುಗಿ ಕೊಡಬೇಕು ಎಂಬುದು ಹೊವಾರ್ಡರ ಪಾಠ. ತಿರುಗಿ ಕೊಡದಂತೆ ತಡೆದವರು ಯಾರು ಎಂಬುದು ಫುಲೆಯವರ ಪ್ರಶ್ನೆ. ಮೊದಲನೆಯದು ಇಂದು ಎಲ್ಲ ಕಡೆ ಸಿಗುತ್ತದೆ. ಎರಡನೆಯದನ್ನು ಕೇಳುವವರು ಕಡಿಮೆ.

೧೮೮೮ರ ಮಾರ್ಚ್ ೨ರಂದು ಪುಣೆಯಲ್ಲಿ ರಾಣಿ ವಿಕ್ಟೋರಿಯಾರ ಮಗ ಡ್ಯೂಕ್ ಆಫ್ ಕನಾಟ್ ಅವರಿಗೆ ಒಂದು ಔತಣ ನಡೆಯಿತು. ಏರ್ಪಡಿಸಿದವರು ಫುಲೆಯವರ ಗೆಳೆಯ ಹರಿ ರಾವಜಿ ಚಿಪಳೂಣಕರ. ದೊಡ್ಡದೊಡ್ಡವರು ಮುತ್ತು-ರತ್ನ ಹಾಕಿಕೊಂಡು ಬಂದರು. ಫುಲೆಯವರು ಬಂದದ್ದು ಬಡ ರೈತನ ವೇಷದಲ್ಲಿ, ಹರಕು ರುಮಾಲು ಸುತ್ತಿಕೊಂಡು. ಎದ್ದು ಮಾತಾಡಿದರು. ಇಲ್ಲಿ ಕೂತ ಆಭರಣದವರು ಈ ದೇಶವಲ್ಲ, ದೇಶ ಹಳ್ಳಿಯಲ್ಲಿದೆ, ಅದರ ಸ್ಥಿತಿಯನ್ನು ನಿಮ್ಮ ತಾಯಿಗೆ ತಿಳಿಸಿ ಎಂಬ ಅರ್ಥದಲ್ಲಿ ಹೇಳಿ ಕೂತರು. ಅದೇ ವರ್ಷ ಮೇ ೧೧ಕ್ಕೆ ಮುಂಬಯಿಯ ಜನ ಅವರಿಗೆ ಮಹಾತ್ಮ ಎಂಬ ಬಿರುದು ಕೊಟ್ಟರು. ಜುಲೈ ತಿಂಗಳಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಯಿಂದ ಬರೆಯುವುದನ್ನು ಕಲಿತು ಸಾರ್ವಜನಿಕ ಸತ್ಯಧರ್ಮದ ಪುಸ್ತಕ ಮುಗಿಸಿದರು. ೧೮೯೦ರ ನವೆಂಬರ್ ೨೮ಕ್ಕೆ ತೀರಿಕೊಂಡರು. ಪುಸ್ತಕ ಅಚ್ಚಾಗಿ ಬಂದದ್ದು ೧೮೯೧ರಲ್ಲಿ. ಸಾವಿತ್ರಿಬಾಯಿಯವರು ೧೮೯೭ರಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತ ಅದೇ ಪ್ಲೇಗಿಗೆ ಬಲಿಯಾದರು.

ಮಾಂಜರಿಯಲ್ಲಿ ಇಂದು ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ವಸಂತದಾದಾ ಸಕ್ಕರೆ ಸಂಸ್ಥೆಯಿದೆ. ೧೯೬೮ರಲ್ಲಿ ರಾಹುರಿಯಲ್ಲಿ ಆರಂಭವಾದ ಕೃಷಿ ವಿದ್ಯಾಪೀಠಕ್ಕೆ ಫುಲೆಯವರ ಹೆಸರೇ ಇದೆ. ಅಲ್ಲಿಯ ಒಂದು ಕಬ್ಬಿನ ತಳಿಗೆ ಫುಲೆ ೨೬೫ ಅಂತ ಹೆಸರು. ಅಥಣಿ ಕಡೆಯ ನಮ್ಮ ಹೊಲದಲ್ಲಿ ಆ ಹೆಸರು ಎಷ್ಟೋ ಸಲ ಕೇಳಿದ್ದೆ. ಫುಲೆ ಅಂದರೆ ಒಬ್ಬ ಮನುಷ್ಯ ಅಂತ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಮ್ಮದು ಕೃಷ್ಣಾ ನದಿಯ ದಂಡೆಯ ಎರೆಹೊಲ, ಮೂರೂವರೆ ಎಕರೆ. ಅಜ್ಜನ ಕಾಲಕ್ಕೆ ಹಿತ್ತಲಲ್ಲಿ ದೊಡ್ಡ ತಿಪ್ಪೆ ಇತ್ತು, ಆರು ದನ ಇದ್ದವು. ನೀರಾವರಿ ಬಂತು, ಕಬ್ಬು ಬಂತು, ಯೂರಿಯಾ ಚೀಲ ಬಂತು. ಎತ್ತು ಹೋದವು, ತಿಪ್ಪೆ ಸಣ್ಣದಾಯಿತು. ಈಗ ಒಂದೆಕರೆ ಸವಳಾಗಿ ಬಿಳಿಚಿಕೊಂಡಿದೆ, ಅಲ್ಲಿ ಹುಲ್ಲೂ ನೆಟ್ಟಗೆ ಏಳುವುದಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ನನಗೆ ಒಂದು ಲೆಕ್ಕ ಹಾಕಿಕೊಡು ಅಂದರು. ಉಳಿದ ಹೊಲದಲ್ಲಿ ಒಂದೆಕರೆ ಸಾವಯವ ಮಾಡಿದರೆ ನಡೀತದೋ ಇಲ್ಲೋ ಅಂತ. ಪುಣೆಯಲ್ಲಿ ಸಾವಯವ ಬೆಲ್ಲಕ್ಕೆ ಒಳ್ಳೆಯ ರೇಟು ಇದೆ ಎಂದು ಯಾರೋ ಹೇಳಿದ್ದರಂತೆ.

ನಾನು ನೋಟಬುಕ್ಕು ತೆಗೆದು ಕೂತೆ. ಸಾವಯವ ಎಂಬ ಪ್ರಮಾಣಪತ್ರ ಸಿಗಬೇಕಾದರೆ ಎರಡು-ಮೂರು ವರ್ಷ ಪರಿವರ್ತನೆಯ ಕಾಲ. ಆ ಕಾಲದಲ್ಲಿ ಇಳುವರಿ ಇಳಿಯಬಹುದು, ಬೆಲೆ ಮಾತ್ರ ಸಾದಾ ಮಾಲಿನದೇ. ಗೊಬ್ಬರಕ್ಕೆ ದನ ಬೇಕು, ದನಕ್ಕೆ ಮೇವು ಬೇಕು, ಊರ ಗಾಯರಾಣ ಅರ್ಧ ಒತ್ತುವರಿಯಾಗಿದೆ. ಕಳೆ ತೆಗೆಯುವ ಆಳು? ಆ ಕಾಲಮಿನ ಎದುರು ಅಪ್ಪ, ಅವ್ವ ಇದ್ದಾಳಲ್ಲ ಅಂದರು. ಅವ್ವನ ಕೂಲಿ ಎಷ್ಟು ಹಿಡಿಯಬೇಕು ಅಂತ ಕೇಳಿದೆ. ಅಪ್ಪ ನಕ್ಕರು. ಅವ್ವ ನಗಲಿಲ್ಲ.

ಫುಲೆಯವರ ಪುಸ್ತಕ ಅಲ್ಲಿಯೇ ನನಗೆ ಅರ್ಥವಾದದ್ದು. ನಷ್ಟವಾಗುವ ಮೂರು ವರ್ಷವನ್ನು ಹೊರುವವನು ರೈತ, ಕಳೆ ಕೀಳುವವಳು ರೈತನ ಹೆಂಡತಿ, ಶುದ್ಧ ಅನ್ನ ಉಣ್ಣುವವರು ಬೇರೆ. ಇಲ್ಲಿ ಕೋಥರೂಡ, ಔಂಧ್ ಕಡೆಯ ಅಂಗಡಿಗಳಲ್ಲಿ ಹಸಿರು ಚೀಟಿ ಅಂಟಿಸಿದ ಬೇಳೆ-ಬೆಲ್ಲ ಕಾಣುತ್ತವೆ. ವಿಷ ಹಾಕಿಲ್ಲ ಎಂದು ಚೀಟಿ ಹೇಳುತ್ತದೆ. ಕೂಲಿ ಕೊಟ್ಟಿದ್ದಾರೋ ಇಲ್ಲವೋ, ಆ ರೈತನ ಮಗಳು ಶಾಲೆಗೆ ಹೋಗುತ್ತಾಳೋ ಇಲ್ಲವೋ ಎಂದು ಆ ಚೀಟಿ ಹೇಳುವುದಿಲ್ಲ. ಮಣ್ಣಿಗೆ ದಯೆ ತೋರಿಸಿ ಮಣ್ಣಿನವರಿಗೆ ತೋರಿಸದ ಸಮಾಜದ ಶುದ್ಧತೆ ಎಂಥದ್ದು? ಒಂದು ಸಮಾಜ ಯಾವುದಕ್ಕೆ ಬೆಲೆ ಕೊಡುತ್ತದೆ ಅಂತ ನೋಡಬೇಕಾದರೆ ಅದರ ಗುಡಿ-ಗೋಪುರ ನೋಡಬೇಕಾಗಿಲ್ಲ, ಅದರ ಹೊಲ ನೋಡಿದರೆ ಸಾಕು. ಯಾವ ಹೊಲದ ಒಡ್ಡು ಗಟ್ಟಿ ಇದೆ, ಯಾರ ಹೊಲಕ್ಕೆ ನೀರು ಮುಟ್ಟುತ್ತದೆ, ಯಾರ ಬೆವರು ಲೆಕ್ಕದಲ್ಲಿ ಬರುತ್ತದೆ, ಎಲ್ಲ ಅಲ್ಲೇ ಬರೆದಿರುತ್ತದೆ.

ಹೀಗೆಂದ ಮಾತ್ರಕ್ಕೆ ಸಾವಯವ ಬೇಡ ಅಂತ ನಾನು ಹೇಳುತ್ತಿಲ್ಲ. ಬಿಳಿಚಿಕೊಂಡ ಆ ಒಂದೆಕರೆ ನೋಡಿದವನು ಹಾಗೆ ಹೇಳಲಾರ. ನಾನು ಲೆಕ್ಕವನ್ನು ಎರಡು ಸಲ ಹಾಕಿದೆ. ಅವ್ವನ ಕೂಲಿ ಬಿಟ್ಟು ಒಂದು, ಹಿಡಿದು ಒಂದು. ಬಿಟ್ಟರೆ ನಾಲ್ಕನೆಯ ವರ್ಷ ಲಾಭ ಕಾಣುತ್ತದೆ. ಹಿಡಿದರೆ ಕಾಣುವುದಿಲ್ಲ. ಯೂರಿಯಾ ಹಾಕಿದ ಕಬ್ಬಿಗೂ ಅದೇ ರೀತಿ ಹಾಕಿ ನೋಡಿದೆ. ಸವಳಾದ ಹೊಲದ ನಷ್ಟ ಹಿಡಿದರೆ ಅದರಲ್ಲಿಯೂ ಲಾಭ ಇಲ್ಲ. ಎರಡೂ ಹಾಳೆಗಳನ್ನು ಅಪ್ಪನ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಮೊದಲು ಅರ್ಧ ಎಕರೆ ಮಾಡೋಣ, ಒಂದು ಆಕಳು ತರೋಣ, ಅವ್ವನ ದಿನಗೂಲಿ ಬರೆದಿಡು ಅಂದರು. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅವ್ವ ಎಷ್ಟು ದಿನ ಕಳೆ ತೆಗೆದೆ ಅಂತ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಈ ತಿಂಗಳು ಹನ್ನೊಂದು ದಿನ ಆಗಿದೆ. ಆ ಹಣ ಇನ್ನೂ ಯಾರೂ ಕೊಟ್ಟಿಲ್ಲ. ಆದರೆ ಬಾಕಿ ಎಂದು ಖಾತೆಯಲ್ಲಿ ಬಿದ್ದಿದೆ.

ಕನ್ನಡ ಓದುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಹೆಚ್ಚಿನವರು ಹೊಲ ಬಿಟ್ಟು ಬಂದವರ ಮಕ್ಕಳು. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಹೊಲದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಗುಡ್ಡದ್ದು, ಹೂಳಿನದು, ದನದ್ದು, ತಾಯಂದಿರದು ಯಾವುದನ್ನೂ ಬಿಡಬೇಡಿ. ಓದಿದವರು ಮಾಡಬೇಕಾದ ಕೆಲಸ ಇದು ಅಂತ ಜ್ಯೋತಿಬಾ ತಿಳಿದಿದ್ದರು, ಅದಕ್ಕಾಗಿಯೇ ಅವರು ರೈತರ ಕೈಗೆ ಪಾಟಿ ಕೊಟ್ಟರು.